ಪಟ್ಟಿಂಗ್ ಮ್ಯಾಟ್, ಕನ್ನಡಿ, ಸ್ಟೀಲ್ ಸ್ಕೇಲ್, ಎರಡು ಟೀ: ಗಾಲ್ಫ್‌ನ ಚಿಕ್ಕ ಪಟ್‌ಗೆ ಯಾವುದು ಒಳ್ಳೆಯದು?

ಗಾಲ್ಫ್‌ನಲ್ಲಿ ಚಿಕ್ಕ ಪಟ್, ಅಂದರೆ ಹೋಲ್ ಹತ್ತಿರದಿಂದ ಚೆಂಡನ್ನು ಉರುಳಿಸಿ ಒಳಗೆ ಹಾಕುವ ಹೊಡೆತ, ಸರಿಮಾಡಿಕೊಳ್ಳಬೇಕು ಅಂತ ಪಟ್ಟಿಂಗ್ ಮ್ಯಾಟ್ ಕೊಳ್ಳಲು ಹೊರಟಿದ್ದೀರಾ? ಒಂದು ನಿಮಿಷ ನಿಲ್ಲಿ. ನಿಮ್ಮ ಬ್ಯಾಗಿನಲ್ಲಿ ಈಗಾಗಲೇ ಇರುವ ಎರಡು ಟೀ (ಚೆಂಡು ಕೂರಿಸಲು ನೆಲಕ್ಕೆ ಚುಚ್ಚುವ ಪುಟ್ಟ ಕಡ್ಡಿ) ಅದಕ್ಕಿಂತ ಚೆನ್ನಾಗಿ ಕಲಿಸುತ್ತವೆ. ನಾನು ನಾಲ್ಕು ಸಾಧನ ಬಳಸಿ ನೋಡಿದ್ದೇನೆ. ಚೆಂಡನ್ನು ವಾಪಸ್ ಕಳಿಸುವ ಉದ್ದನೆಯ ಮ್ಯಾಟ್, ನೆಲದ ಮೇಲಿಡುವ ಪಟ್ಟಿಂಗ್ ಕನ್ನಡಿ, ಒಂದು ಮೀಟರಿನ ಸ್ಟೀಲ್ ಸ್ಕೇಲ್, ಎರಡು ಟೀ ಚುಚ್ಚಿ ಮಾಡುವ ಗೇಟ್. ಎಲ್ಲಕ್ಕಿಂತ ಜಾಸ್ತಿ ದುಡ್ಡು ಹೋದದ್ದು ಮ್ಯಾಟಿಗೆ. ಎಲ್ಲಕ್ಕಿಂತ ಕಡಿಮೆ ಕಲಿಸಿದ್ದೂ ಅದೇ.

ನನ್ನ ಆಟದಲ್ಲಿ ಹೊಡೆತ ವ್ಯರ್ಥವಾಗುತ್ತಿದ್ದದ್ದು 4ರಿಂದ 8 ಅಡಿ ಪಟ್‌ಗಳಲ್ಲಿ. ಒಳ್ಳೆಯ ಚಿಪ್ (ಹತ್ತಿರದಿಂದ ಮೆಲ್ಲಗೆ ಎತ್ತಿ ಹೊಡೆಯುವ ಹೊಡೆತ) ಮಾಡಿ ಚೆಂಡನ್ನು ಹೋಲ್ ಹತ್ತಿರ ತರುತ್ತಿದ್ದೆ, ಅಲ್ಲಿಂದ ಎರಡು ಹೊಡೆತ. ಕೊಲಂಬಿಯಾ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಡಿ ಅವರ ಲೆಕ್ಕ ನೋಡಿದವರು ಇಲ್ಲಿ ತಕರಾರು ತೆಗೆಯಬಹುದು. ಚೆನ್ನಾಗಿ ಆಡುವವರಿಗೂ ಉಳಿದವರಿಗೂ ಇರುವ ಸ್ಕೋರ್ ಅಂತರದಲ್ಲಿ ಸುಮಾರು ಮೂರನೇ ಎರಡು ಭಾಗ ಬರುವುದು 100 ಗಜದಾಚೆಯ ಹೊಡೆತಗಳಿಂದ, ಪಟ್‌ನಿಂದ ಅಲ್ಲ ಅಂತ ಅವರು ತೋರಿಸಿದ್ದಾರೆ. ಅದು ನಿಜವೇ. ಆದರೆ ಅದು ಸರಾಸರಿ ಲೆಕ್ಕ. ನನ್ನ ಸ್ಕೋರ್‌ಕಾರ್ಡ್‌ನಲ್ಲಿ ಗಾಯ ಎಲ್ಲಿದೆಯೋ ಅಲ್ಲಿಗೇ ಮದ್ದು ಹಚ್ಚಬೇಕು, ಅಲ್ವಾ? ಅದೂ ಅಲ್ಲದೆ, ಸಂಜೆ ಮನೆಗೆ ಬಂದ ಮೇಲೆ ದೂರ ಹೊಡೆಯುವ ಉದ್ದ ಕೋಲು ಡ್ರೈವರ್ ಬೀಸಲು ಜಾಗ ಎಲ್ಲಿರುತ್ತದೆ? ಪಟ್ ಹೊಡೆಯುವ ಕೋಲು ಪಟ್ಟರ್ ಹಿಡಿದು ನಿಲ್ಲಲು ಇರುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ವೃತ್ತಿಪರ ಟೂರ್ನಿ ಸರಣಿ ಪಿಜಿಎ ಟೂರ್‌ನ ಆಟಗಾರರೇ 8 ಅಡಿಯಿಂದ ಹಾಕುವುದು ಸುಮಾರು ಅರ್ಧದಷ್ಟು ಪಟ್. 3 ಅಡಿಯಿಂದ ಹೆಚ್ಚುಕಡಿಮೆ ಎಲ್ಲವನ್ನೂ ಹಾಕುತ್ತಾರೆ. ಈ ಎರಡು ಅಂಕಿ ನೆನಪಿದ್ದರೆ 8 ಅಡಿ ತಪ್ಪಿದಾಗ ಬೇಜಾರು ಕಡಿಮೆ ಆಗುತ್ತದೆ, 4 ಅಡಿಯ ಮೇಲೆ ಗಮನ ಜಾಸ್ತಿ ಆಗುತ್ತದೆ.

ಪಟ್‌ನಲ್ಲಿ ಮೂರು ಕೆಲಸ ಇವೆ. ಇಳಿಜಾರು ಓದುವುದು (ಚೆಂಡು ಎತ್ತ ತಿರುಗುತ್ತದೆ ಅಂತ ಅಂದಾಜು ಮಾಡುವುದು), ಚೆಂಡನ್ನು ಅಂದುಕೊಂಡ ಗೆರೆಯ ಮೇಲೆ ಹೊರಡಿಸುವುದು, ಸರಿಯಾದ ವೇಗ ಕೊಡುವುದು. ಚಿಕ್ಕ ಪಟ್‌ನಲ್ಲಿ ನನಗೆ ಕೈಕೊಡುತ್ತಿದ್ದದ್ದು ಎರಡನೆಯದು. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಅನ್ನುವುದನ್ನು ಬಹುಪಾಲು ತೀರ್ಮಾನಿಸುವುದು ತಾಗುವ ಕ್ಷಣದಲ್ಲಿ ಪಟ್ಟರ್ ಮುಖ (ಚೆಂಡಿಗೆ ತಾಗುವ ಬದಿ) ಎತ್ತ ನೋಡುತ್ತಿತ್ತು ಅನ್ನುವುದು. ಪಟ್ಟರ್ ಸಾಗಿದ ದಾರಿಯ ಪಾತ್ರ ಸಣ್ಣದು. ಮುಖ ಒಂದೇ ಒಂದು ಡಿಗ್ರಿ ತಿರುಗಿದ್ದರೂ 10 ಅಡಿಯಲ್ಲಿ ಚೆಂಡು 2 ಇಂಚಿನಷ್ಟು ಪಕ್ಕಕ್ಕೆ ಹೋಗಿರುತ್ತದೆ. ಹೋಲ್‌ನ ಅಗಲ 4.25 ಇಂಚು. ಅಂದರೆ ನಡುಮಧ್ಯಕ್ಕೆ ಗುರಿ ಇಟ್ಟವರ ಚೆಂಡು ಅಂಚಿಗೆ ಬಂದುಬಿಟ್ಟಿತು. ಹಾಗಾಗಿ ನಾನು ಎಲ್ಲ ಸಾಧನಗಳಿಗೂ ಕೇಳಿದ್ದು ಒಂದೇ ಪ್ರಶ್ನೆ: ಆ ಒಂದು ಡಿಗ್ರಿಯನ್ನು ನನಗೆ ತೋರಿಸುತ್ತೀಯಾ?

ಮ್ಯಾಟ್ ತೋರಿಸಲಿಲ್ಲ. ಅದರ ಕತೆ ಸ್ವಲ್ಪ ಉದ್ದ ಇದೆ.

ಸುರುಳಿ ಸುತ್ತಿ ಡಬ್ಬಿಯಲ್ಲಿ ಬಂದಿತ್ತು. ಬಿಚ್ಚಿ ಹಾಸಿದರೆ ಎರಡೂ ತುದಿ ಮೇಲೆದ್ದು, ನಡುವೆ ಅಲ್ಲಲ್ಲಿ ಉಬ್ಬು. ಉಲ್ಟಾ ಸುತ್ತಿ ಇಟ್ಟೆ. ದಪ್ಪ ಪುಸ್ತಕಗಳನ್ನು ಹೇರಿದೆ. ಬಿಸಿಲಿಗೆ ಹಾಕಿದೆ. ದೊಡ್ಡ ಉಬ್ಬುಗಳು ಹೋದವು. ಸಣ್ಣವು ಉಳಿದವು. ಆ ಸಣ್ಣವೇ ನಿಜವಾದ ತೊಂದರೆ, ಯಾಕೆಂದರೆ ಅವು ಕಣ್ಣಿಗೆ ಕಾಣುವುದಿಲ್ಲ. ಚೆಂಡು ಮುಕ್ಕಾಲು ದೂರ ನೇರವಾಗಿ ಹೋಗಿ, ಕೊನೆಗೆ ನಿಧಾನ ಆದಾಗ ಎಡಕ್ಕೆ ವಾಲುತ್ತಿತ್ತು. ರಸಮಟ್ಟ ತಂದಿಟ್ಟು ನೋಡಿದೆ, ನೆಲ ಸಮವಾಗಿಯೇ ಇತ್ತು. ಮ್ಯಾಟನ್ನು ತಿರುಗಿಸಿ ಹಾಕಿದೆ. ಈಗಲೂ ಮ್ಯಾಟಿನ ಅದೇ ಬದಿಗೆ ವಾಲಿತು. ದೋಷ ನೆಲದ್ದಲ್ಲ, ಬಟ್ಟೆಯದ್ದು ಅಂತ ಗೊತ್ತಾಯಿತು. ಮಾರಿದವರನ್ನು ಕೇಳಿದರೆ, ಬಳಸುತ್ತಾ ಹೋದಂತೆ ಕೂತುಕೊಳ್ಳುತ್ತದೆ ಅನ್ನುವ ಉತ್ತರ ಬಂತು. ಕೂತುಕೊಳ್ಳಲಿಲ್ಲ.

ಇದರಿಂದ ಏನು ಕೆಟ್ಟದ್ದಾಯಿತು ಅಂದರೆ, ನೇರ ಹೊಡೆದ ಪಟ್ ಎಡಕ್ಕೆ ತಪ್ಪುತ್ತದೆ, ಮುಖ ಸ್ವಲ್ಪ ಬಲಕ್ಕೆ ತೆರೆದು ಹೊಡೆದದ್ದು ಒಳಗೆ ಬೀಳುತ್ತದೆ. ಮನಸ್ಸಿಗೆ ಗೊತ್ತಿಲ್ಲದೆ ಕೈ ಅದನ್ನೇ ಕಲಿಯುತ್ತದೆ. ತಪ್ಪು ಹೊಡೆತಕ್ಕೆ ಬಹುಮಾನ ಕೊಡುವ ಸಾಧನದ ಜೊತೆ ದಿನಾ ಸಂಜೆ ಅಭ್ಯಾಸ ಮಾಡುವುದಕ್ಕಿಂತ ಅಭ್ಯಾಸ ಮಾಡದೇ ಇರುವುದೇ ವಾಸಿ.

ಇನ್ನು ತುದಿಯ ಏರು. ಚೆಂಡು ತಾನಾಗಿ ವಾಪಸ್ ಉರುಳಿ ಬರಬೇಕಾದರೆ ಹೋಲ್ ಎತ್ತರದಲ್ಲಿ ಇರಬೇಕು. ಅದಕ್ಕೆ ಈ ಬಗೆಯ ಮ್ಯಾಟ್‌ಗಳಲ್ಲಿ ಕೊನೆಗೆ ಒಂದು ಪುಟ್ಟ ದಿಬ್ಬ ಇರುತ್ತದೆ. ಆ ದಿಬ್ಬ ಹತ್ತಿ ಹೋಲ್‌ಗೆ ಬೀಳಬೇಕಾದರೆ ಪಟ್‌ಗೆ ಹೆಚ್ಚಿನ ವೇಗ ಬೇಕು. ಸಪಾಟಾದ ಗ್ರೀನ್ (ಹೋಲ್ ಸುತ್ತಲಿನ ನುಣುಪಾದ ಹುಲ್ಲು) ಮೇಲೆ ಅದೇ ವೇಗ ಕೊಟ್ಟರೆ, ತಪ್ಪಿದ ಚೆಂಡು ಹೋಲ್ ದಾಟಿ ಎರಡು ಮೂರು ಅಡಿ ಆಚೆ ಹೋಗಿ ನಿಲ್ಲುತ್ತದೆ. ವಾಪಸ್ ಬರುವ ಪಟ್ಟೇ ಇನ್ನೊಂದು ಪರೀಕ್ಷೆ.

ವೇಗ ಜಾಸ್ತಿ ಆದರೆ ಹೋಲ್ ಚಿಕ್ಕದಾಗುತ್ತದೆ ಅನ್ನುವುದನ್ನು ಮರೆಯಬಾರದು. ಉಸಿರು ಕಟ್ಟುತ್ತಾ ಬಂದು ಬೀಳುವ ಚೆಂಡಿಗೆ 108 ಮಿಲಿಮೀಟರ್ (4.25 ಇಂಚು) ಅಗಲ ಪೂರ್ತಿ ಸಿಗುತ್ತದೆ, ಅಂಚಿನಿಂದಲೂ ಒಳಗೆ ಜಾರುತ್ತದೆ. ಜೋರಾಗಿ ಬಂದ ಚೆಂಡಿಗೆ ನಡುಭಾಗ ಮಾತ್ರ ಬಾಗಿಲು, ಅಂಚಿಗೆ ತಾಗಿದರೆ ಸುತ್ತು ಹಾಕಿ ಹೊರಗೆ. ಚಿಕ್ಕ ಪಟ್ ಕಲಿಸಬೇಕಾದ ಮ್ಯಾಟ್ ನನ್ನ ಪಾಲಿನ ಹೋಲನ್ನೇ ಕಿರಿದು ಮಾಡುತ್ತಿತ್ತು. ಹೋಲ್ ಹತ್ತಿರದ ಹೊಡೆತಗಳ ಮೇಲೆ ತುಂಬಾ ಪ್ರಯೋಗ ಮಾಡಿದ ಡೇವ್ ಪೆಲ್ಜ್ ಹೇಳಿದ ಅಳತೆ ಇದೆಯಲ್ಲ, ತಪ್ಪಿದ ಪಟ್ ಹೋಲ್ ದಾಟಿ ಸುಮಾರು 17 ಇಂಚಿನಲ್ಲಿ ನಿಲ್ಲಬೇಕು ಅಂತ, ಅದು ಈ ಮ್ಯಾಟ್ ಮೇಲೆ ಸಾಧ್ಯವೇ ಇಲ್ಲ. ಅಷ್ಟು ವೇಗಕ್ಕೆ ಚೆಂಡು ದಿಬ್ಬದ ಅರ್ಧದಿಂದಲೇ ಹಿಂದಕ್ಕೆ ಉರುಳುತ್ತದೆ.

ಮ್ಯಾಟಿನ ಮೇಲೆ ಅಚ್ಚು ಹಾಕಿದ ಬಿಳಿ ಗೆರೆಯೂ ನನಗೆ ಇಷ್ಟವಿಲ್ಲ. ಗ್ರೀನ್ ಮೇಲೆ ಯಾರೂ ಗೆರೆ ಎಳೆದಿಟ್ಟಿರುವುದಿಲ್ಲ.

ಒಳ್ಳೆಯದು ಏನೂ ಇಲ್ಲವೇ ಅಂದರೆ ಇದೆ. ಮಳೆ ಬರಲಿ, ಕತ್ತಲಾಗಲಿ, ಅದು ಅಲ್ಲೇ ಹಾಸಿರುತ್ತದೆ. ನಡೆದುಹೋಗುವಾಗ ಸುಮ್ನೆ ನಾಲ್ಕು ಹೊಡೆಯಬಹುದು. ಪಟ್ಟರ್ ಕೈಯಲ್ಲಿ ಹಿಡಿಯುವ ಅಭ್ಯಾಸ ತಪ್ಪುವುದಿಲ್ಲ.

ಕನ್ನಡಿ ಬೇರೆಯೇ ಜಾತಿಯ ಸಾಧನ. ನೆಲದ ಮೇಲಿಟ್ಟು ಅದರ ಮೇಲೆ ಚೆಂಡು ಇಟ್ಟು ನಿಂತರೆ ಕಣ್ಣು ಎಲ್ಲಿದೆ, ಭುಜ ಎತ್ತ ತಿರುಗಿದೆ ಅಂತ ಕಾಣುತ್ತದೆ. ನನ್ನ ಭುಜ ಗುರಿಯಿಂದ ಎಡಕ್ಕೆ ತಿರುಗಿದೆ ಅಂತ ತೋರಿಸಿಕೊಟ್ಟದ್ದು ಇದೇ. ಅದಕ್ಕೆ ಕೃತಜ್ಞತೆ ಇದೆ. ಆದರೆ ನಿಲುವು ಒಮ್ಮೆ ಸರಿಯಾದ ಮೇಲೆ ಅದಕ್ಕೆ ಕೆಲಸ ಕಡಿಮೆ. ಚೆಂಡು ಹೊರಟ ಮೇಲೆ ಏನಾಯಿತು ಅಂತ ಕನ್ನಡಿ ಹೇಳುವುದಿಲ್ಲ. ಬಿಸಿಲಿನಲ್ಲಿ ಕಣ್ಣಿಗೆ ಕುಕ್ಕುತ್ತದೆ, ಬ್ಯಾಗಿನಲ್ಲಿ ಗೀರು ಬೀಳುತ್ತದೆ. ಇಬ್ಬರು ಮೂವರು ಸೇರಿ ಒಂದು ಕೊಂಡು ಆಗಾಗ ಹಂಚಿಕೊಂಡರೆ ಸಾಕು.

ಸ್ಟೀಲ್ ಸ್ಕೇಲ್ ನನಗೆ ತುಂಬಾ ಹಿಡಿಸಿತು. ಒಂದು ಮೀಟರ್ ಉದ್ದ, 30 ಮಿಲಿಮೀಟರ್ ಅಗಲದ ಸ್ಕೇಲ್ ತೆಗೆದುಕೊಳ್ಳಿ. ಒಂದು ತುದಿಯಲ್ಲಿ ಚೆಂಡು ಇಟ್ಟು ಹೊಡೆದರೆ ಅದು ಇನ್ನೊಂದು ತುದಿಯವರೆಗೆ ಕೆಳಗೆ ಬೀಳದೆ ಉರುಳಬೇಕು. ನಡುವಿನಿಂದ ಅಂಚಿಗೆ ಇರುವುದು 15 ಮಿಲಿಮೀಟರ್. ಒಂದು ಡಿಗ್ರಿ ತಪ್ಪಿದರೆ ಒಂದು ಮೀಟರ್‌ನಲ್ಲಿ ಚೆಂಡು 17 ಮಿಲಿಮೀಟರ್ ಸರಿದಿರುತ್ತದೆ, ಅಂದರೆ ಬಿತ್ತು. ನಾನು ಕೇಳಿದ ಪ್ರಶ್ನೆಗೆ ಇಷ್ಟು ನೇರವಾಗಿ ಉತ್ತರ ಕೊಟ್ಟದ್ದು ಇದು. ಮನೆಯ ಗಟ್ಟಿ ನೆಲದ ಮೇಲೂ ನಡೆಯುತ್ತದೆ. ತೊಂದರೆ ಎಂದರೆ ಚೆಂಡು ಸ್ಕೇಲ್ ಮೇಲೆ ನಿಲ್ಲುವುದೇ ಇಲ್ಲ. ಚೆಂಡು ಕೂರಲು ತುದಿಯ ಹತ್ತಿರ ಪುಟ್ಟ ರಂಧ್ರ ಇರುವ ಸ್ಕೇಲ್ ಸಿಕ್ಕರೆ ಪುಣ್ಯ. ಇಲ್ಲದಿದ್ದರೆ ಚೆಂಡು ನಿಲ್ಲಿಸುವುದರಲ್ಲೇ ಅರ್ಧ ಸಮಯ ಹೋಗುತ್ತದೆ. ಮತ್ತೆ, ಪಟ್ಟರ್ ಸ್ವಲ್ಪ ಕೆಳಗೆ ಬಂದರೂ ಸ್ಟೀಲಿಗೆ ಟಕ್ ಅಂತ ಬಡಿಯುತ್ತದೆ. ಆ ಭಯಕ್ಕೆ ಕೈ ಬಿಗಿಯಾಗುತ್ತದೆ.

ಈಗ ಎರಡು ಟೀ. ಪ್ರಾಕ್ಟೀಸ್ ಗ್ರೀನ್ ಮೇಲೆ ಚೆಂಡಿನಿಂದ 45 ಸೆಂಟಿಮೀಟರ್ ಮುಂದೆ ಎರಡು ಟೀ ಚುಚ್ಚಿ. ನಡುವಿನ ಜಾಗ 58 ಮಿಲಿಮೀಟರ್ ಆಸುಪಾಸು ಇರಲಿ. ಚೆಂಡಿನ ಅಗಲ ಸುಮಾರು 43 ಮಿಲಿಮೀಟರ್, ಹಾಗಾಗಿ ಆಚೆ ಈಚೆ ತಲಾ ಏಳೆಂಟು ಮಿಲಿಮೀಟರ್ ಉಳಿಯುತ್ತದೆ. ಅಷ್ಟು ದೂರಕ್ಕೆ ಒಂದು ಡಿಗ್ರಿ ಅಂದರೆ ಸುಮಾರು 8 ಮಿಲಿಮೀಟರ್. ಲೆಕ್ಕ ಸರಿಹೋಯಿತಲ್ಲ! ತಾಗದೆ ದಾಟಿದರೆ ಮುಖ ಒಂದು ಡಿಗ್ರಿಯೊಳಗೆ ಇತ್ತು. ಬಲಗಡೆ ಟೀಗೆ ಬಡಿದರೆ ಮುಖ ಬಲಕ್ಕೆ ತಿರುಗಿತ್ತು, ಎಡಗಡೆಗೆ ಬಡಿದರೆ ಎಡಕ್ಕೆ ತಿರುಗಿತ್ತು. ಮೊದಲ ದಿನ ಇಷ್ಟು ಬಿಗಿ ಬೇಡ, 70 ಮಿಲಿಮೀಟರಿನಿಂದ ಶುರು ಮಾಡಿ.

ಟೈಗರ್ ವುಡ್ಸ್ ಬಳಸಿ ಹೆಸರಾದದ್ದು ಇದರ ಇನ್ನೊಂದು ರೂಪ. ಪಟ್ಟರ್ ತಲೆಯ ಎರಡೂ ಬದಿಗೆ, ತಲೆ ಹಿಡಿಸುವಷ್ಟೇ ಜಾಗ ಬಿಟ್ಟು ಟೀ ಚುಚ್ಚುವುದು. ಅದು ಚೆಂಡು ಪಟ್ಟರಿನ ನಡುವಿಗೇ ತಾಗುವಂತೆ ಮಾಡುತ್ತದೆ. ನಾನು ಎರಡನ್ನೂ ಒಟ್ಟಿಗೆ ಹಾಕಲು ನೋಡಿದೆ. ಗಮನ ಹರಿದುಹೋಯಿತು. ಮುಂದಿನ ಗೇಟ್ ಒಂದೇ ಸಾಕು ಅನ್ನಿಸಿತು.

ಇದು ಉಳಿದೆಲ್ಲದಕ್ಕಿಂತ ಮೇಲು ಅಂತ ನಾನು ಹೇಳುವುದು ಒಂದು ಕಾರಣಕ್ಕೆ. ಇದು ನಿಜವಾದ ಹುಲ್ಲಿನ ಮೇಲೆ, ನಿಜವಾದ ಹೋಲ್‌ಗೆ, ಯಾವ ಇಳಿಜಾರಿನಲ್ಲಿ ಬೇಕಾದರೂ ನಡೆಯುತ್ತದೆ. ಬಲದಿಂದ ಎಡಕ್ಕೆ ತಿರುಗುವ 6 ಅಡಿ ಪಟ್ ನಿಮಗೆ ಕಷ್ಟವೇ? ನೀವು ಓದಿದ ಗೆರೆಯ ಮೇಲೆ ಗೇಟ್ ಹಾಕಿ. ಚೆಂಡು ಗೇಟ್ ದಾಟಿಯೂ ಹೋಲ್ ತಪ್ಪಿದರೆ ಹೊಡೆತ ಸರಿ, ಓದಿದ್ದು ಅಥವಾ ವೇಗ ತಪ್ಪು. ಗೇಟ್‌ಗೆ ಬಡಿದರೆ ಓದಿದ್ದನ್ನು ಬೈಯಬೇಡಿ, ಮುಖ ನೋಡಿಕೊಳ್ಳಿ. ಇಷ್ಟು ದಿನ ಗ್ರೀನ್ ಓದಲು ಬರುವುದಿಲ್ಲ ಅಂತ ಕೊರಗುವ ಎಷ್ಟೋ ಹವ್ಯಾಸಿ ಆಟಗಾರರಿಗೆ ಓದಲು ಚೆನ್ನಾಗಿಯೇ ಬರುತ್ತದೆ. ಚೆಂಡು ಅವರು ನೋಡಿದ ಗೆರೆಯ ಮೇಲೆ ಹೊರಡುವುದೇ ಇಲ್ಲ, ಅಷ್ಟೇ.

ಗೇಟ್ ವೇಗ ಕಲಿಸುವುದಿಲ್ಲ. ಅದಕ್ಕೆ ಹೋಲ್ ಹಿಂದೆ ಒಂದು ಟೀ ಮಲಗಿಸಿ ಇಡುತ್ತೇನೆ. ಎಷ್ಟು ದೂರ ಅಂತ ಅಳೆಯಲು ಟೇಪ್ ಬೇಡ. ಸಾಮಾನ್ಯ ಪಟ್ಟರ್ 34, 35 ಇಂಚು ಇರುತ್ತದೆ, ಅದರ ಅರ್ಧ ಅಂದರೆ ಪೆಲ್ಜ್ ಹೇಳಿದ 17 ಇಂಚು ಆಯಿತು. ತಪ್ಪಿದ ಚೆಂಡು ಹೋಲ್ ದಾಟಿ ಆ ಟೀ ಮುಟ್ಟುವ ಮೊದಲೇ ನಿಲ್ಲಬೇಕು.

ಮನೆಯ ನೆಲಕ್ಕೆ ಟೀ ಚುಚ್ಚಲು ಆಗುವುದಿಲ್ಲವಲ್ಲ ಅಂದರೆ, ಎರಡು ಪೆನ್ಸಿಲ್ ಬ್ಯಾಟರಿ ನಿಲ್ಲಿಸಿ. ತಾಗಿದರೆ ಬೀಳುತ್ತವೆ, ಉತ್ತರ ಅಷ್ಟೇ ಸ್ಪಷ್ಟ. ಗ್ರೀನ್ ಮೇಲಾದರೆ ಹೋಲ್ ಅಂಚಿನ ಹತ್ತಿರ ಚುಚ್ಚಬೇಡಿ, ಎದ್ದು ಹೊರಡುವ ಮುಂಚೆ ತೂತು ಮುಚ್ಚಿ. ಆಟದ ಸುತ್ತಿನ ನಡುವೆ ಮಾತ್ರ ಇದನ್ನು ಮಾಡಬೇಡಿ. ಗಾಲ್ಫ್ ನಿಯಮ 4.3ರ ಪ್ರಕಾರ ಇಂಥ ಸಹಾಯಕ್ಕೆ ದಂಡ ಇದೆ.

ಹೊಸ ಪಟ್ಟರ್ ಕೊಂಡರೆ ಸರಿಹೋಗುತ್ತದೆಯೇ ಅಂತ ಕೇಳುವವರಿಗೆ: ಮೊದಲು ಗೇಟ್, ಆಮೇಲೆ ಪಟ್ಟರ್. ಕೋಚ್ ಬಳಿ ಹೋಗುವಷ್ಟು ಬಜೆಟ್ ಇದ್ದರೆ ಖಂಡಿತ ಹೋಗಿ, ಆದರೆ ಟೀ ಬಡಿಯುವುದು ಯಾವ ಬದಿಗೆ ಜಾಸ್ತಿ ಅಂತ ತಿಳಿದುಕೊಂಡು ಹೋಗಿ. ಅರ್ಧ ಪಾಠದ ಖರ್ಚು ಅಲ್ಲೇ ಉಳಿಯುತ್ತದೆ.

ನನ್ನ ಅಭ್ಯಾಸ ಹೀಗೆ. ಆಟಕ್ಕೆ ಮುಂಚೆ ಸ್ವಲ್ಪ ಬೇಗ ಹೋಗಿ ಗೇಟ್ ಹಾಕುತ್ತೇನೆ, ವಾರದ ಸಂಜೆಗಳಲ್ಲಿ ಸ್ಕೇಲ್ ಅಥವಾ ಬ್ಯಾಟರಿ. ಗ್ರೀನ್‌ಗೆ ಹೋಗುವುದೇ ಅಪರೂಪ ಅನ್ನುವವರಿಗೆ ಸ್ಕೇಲ್ ಮೊದಲ ಆಯ್ಕೆ ಆಗಬಹುದು. ಈಗಾಗಲೇ ಮ್ಯಾಟ್ ಇದ್ದವರು ಅದರ ಹೋಲನ್ನು ಮರೆತುಬಿಡಿ. ಮೊದಲ ಅರ್ಧ ಮೀಟರ್ ಸಪಾಟು ಭಾಗದಲ್ಲಿ ಬ್ಯಾಟರಿ ಗೇಟ್ ಇಟ್ಟು, ಚೆಂಡು ಅದನ್ನು ದಾಟಿತೋ ಇಲ್ಲವೋ ಅಂತ ಮಾತ್ರ ನೋಡಿ. ಮುಂದೆ ಎಲ್ಲಿಗೆ ವಾಲಿದರೂ ತಲೆ ಕೆಡಿಸಿಕೊಳ್ಳಬೇಡಿ. ಸೊಂಟ ನೋವಿದ್ದು ಪದೇಪದೇ ಬಗ್ಗಿ ಚೆಂಡು ತೆಗೆಯಲು ಆಗದವರಿಗೆ ಮಾತ್ರ ವಾಪಸ್ ಕಳಿಸುವ ಮ್ಯಾಟ್ ಕೊಳ್ಳಿ ಅಂತ ಹೇಳುತ್ತೇನೆ. ಅವರೂ ಕೊಳ್ಳುವ ಮುಂಚೆ ಅಂಗಡಿಯಲ್ಲೇ ಬಿಚ್ಚಿಸಿ, ಹಾಸಿಸಿ, ನಿಧಾನವಾಗಿ ಒಂದು ಚೆಂಡು ಉರುಳಿಸಿ ನೋಡಲಿ.