ಹಿಂಡಿಗೆಲ್ಲ ಜಂತು ಔಷಧಿಯೋ, ಕಣ್ಣು ನೋಡಿ ಕೊಡೋದೋ?

ಹೆಸರಘಟ್ಟ, ಯಲಹಂಕದ ಕಡೆ ಕೆರೆಯಂಗಳದಲ್ಲಿ ಕುರಿ ಮೇಯಿಸುವವರಿಗೆ ಮಳೆ ಬಿದ್ದ ಕೂಡಲೇ ಬರುವ ಪ್ರಶ್ನೆ ಇದು.

ಮೂರು ತಿಂಗಳಿಗೊಮ್ಮೆ ಇಡೀ ಹಿಂಡಿಗೆ ಕುಡಿಸಿಬಿಡುವುದು ಸಲೀಸು. ಒಂದು ಬೆಳಗ್ಗೆ ಸಾಕು, ಯಾವ ಲೆಕ್ಕವೂ ಬೇಡ. ಆದರೆ ಔಷಧಿಗೆ ಬಗ್ಗದ ಹುಳುಗಳಷ್ಟೇ ಉಳಿದು ಮೊಟ್ಟೆಯಿಡುತ್ತವೆ. ತೂಕವನ್ನು ಅಂದಾಜಿನಲ್ಲಿ ಹಿಡಿದು ಡೋಸ್ ಕಮ್ಮಿ ಮಾಡಿದರಂತೂ ಮುಗೀತು.

ಇನ್ನೊಂದು ಫಮಾಚಾ ಪದ್ಧತಿ, ದಕ್ಷಿಣ ಆಫ್ರಿಕಾದಿಂದ ಬಂದದ್ದು. ಕುರಿಯ ಕೆಳರೆಪ್ಪೆ ಮೆಲ್ಲಗೆ ಎಳೆದು ಒಳಬಣ್ಣವನ್ನು ಈ ಪದ್ಧತಿಯ ಬಣ್ಣದ ಕಾರ್ಡಿನ ಜೊತೆ ಹೋಲಿಸಬೇಕು. ಕೆಂಪಗಿದ್ದರೆ 1, ಸುಣ್ಣದ ಹಾಗೆ ಬಿಳಿಚಿದ್ದರೆ 5. ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಹೀಮಾಂಕಸ್ ಹುಳುವಿನ ಗುರುತು ಅದು. ದವಡೆ ಕೆಳಗೆ ನೀರು ತುಂಬಿ ಜೋತುಬಿದ್ದಿದ್ದರೆ ಕಾಯಲೇಬೇಡಿ. 4, 5 ಬಂದವಕ್ಕೆ ಔಷಧಿ ಕಡ್ಡಾಯ. 3 ಬಂದರೆ ಮರಿಗಳಿಗೆ, ಸೊರಗಿದವಕ್ಕೆ ಕೊಡುವುದು ವಾಸಿ. ಬಿಸಿಲಲ್ಲೇ ನೋಡಿ, ಮೊಬೈಲ್ ಟಾರ್ಚ್ ಬೆಳಕು ಮೋಸ ಮಾಡುತ್ತೆ.

ತೊಂದರೆ ಏನೆಂದರೆ, ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಒಂದೊಂದನ್ನೂ ಹಿಡಿಯಬೇಕು. ರಕ್ತ ಹೀರದ ಹುಳುಗಳಿದ್ದರೆ ರೆಪ್ಪೆ ಕೆಂಪಾಗೇ ಇರಬಹುದು. ಅದಕ್ಕೆ ಹಿಕ್ಕೆಯಲ್ಲಿ ಹುಳುವಿನ ಮೊಟ್ಟೆ ನೋಡುವ ಹಿಕ್ಕೆ ಪರೀಕ್ಷೆಯೇ ಗತಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ಐವತ್ತರೊಳಗಿನ ಹಿಂಡಾದರೆ ನಾನು ಕಣ್ಣು ನೋಡುವುದಕ್ಕೇ ಓಟು ಹಾಕುತ್ತೇನೆ. ಇನ್ನೂರು ಮುನ್ನೂರು ಇದ್ದು ಆಳಿಲ್ಲದಿದ್ದರೆ, ಹತ್ತು ಕುರಿಗಳ ಹಿಕ್ಕೆ ಪರೀಕ್ಷೆ ಮಾಡಿಸಿ ಆಮೇಲೆ ತೀರ್ಮಾನಿಸಿ. ಯಾವ ದಾರಿ ಹಿಡಿದರೂ ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಎಂಬ ಜಂತು ಔಷಧಿ ಕುಡಿಸಬೇಡಿ.