ಒತ್ತಕ್ಷರ ನುಂಗುವ ಬ್ಲಾಗ್ ಪ್ಯಾಕೇಜು: ಎರಡು ವರ್ಷ ದುಡ್ಡು ಕೊಟ್ಟು ಬಳಸಿದ ಮೇಲೆ

ಕಂಪನಿಯ ಹೆಸರು ಬರೆಯುತ್ತಿಲ್ಲ. ಯೂಟ್ಯೂಬ್ ನೋಡುವಾಗ ನಡುವೆ ಬಂದು, ಕಾಫಿ ದುಡ್ಡಿಗೆ ನಿಮ್ಮದೇ ವೆಬ್‌ಸೈಟ್ ಅಂತ ಆಸೆ ತೋರಿಸುತ್ತಾರಲ್ಲ, ಅಂಥವರಲ್ಲಿ ಒಬ್ಬರು ಅಂದುಕೊಳ್ಳಿ. ಎಲ್ಲ ಅವರೇ ನೋಡಿಕೊಳ್ಳುವ ರೆಡಿಮೇಡ್ ಬ್ಲಾಗ್ ಪ್ಯಾಕೇಜು. ಎಷ್ಟು ಜಿಬಿ, ಎಷ್ಟು ಸ್ಪೀಡು ಅನ್ನೋದೆಲ್ಲ ಅವರ ಪುಟದಲ್ಲೇ ಇರುತ್ತದೆ, ನೋಡಿಕೊಳ್ಳಿ. ನಾನು ಹೇಳಬೇಕಿರುವುದು ಒತ್ತಕ್ಷರದ ವಿಷಯ.

ನಾನು ಬರೆಯುವುದು ಬೆಂಗಳೂರಿನ ಮರಗಳ ಬಗ್ಗೆ. ಮೊದಲು ಬ್ಲಾಗರ್‌ನಲ್ಲಿ ಪುಕ್ಕಟೆ ಬರೆಯುತ್ತಿದ್ದೆ, ಚೆನ್ನಾಗೇ ಇತ್ತು. ಸ್ವಂತ ವಿಳಾಸ ಇರಲಿ, ಬರೆದದ್ದು ಓದುಗರ ಇಮೇಲ್‌ಗೆ ನೇರ ಹೋಗಲಿ ಅಂತ ಇಲ್ಲಿಗೆ ಬಂದೆ. ಥೀಮ್, ಅಂದರೆ ಪುಟದ ರೆಡಿಮೇಡ್ ವಿನ್ಯಾಸ, ನೋಡಿದರೆ ಕಣ್ಣಿಗೆ ಹಬ್ಬ. ದೊಡ್ಡ ಫೋಟೊ, ಕೆಳಗೆ ದಪ್ಪ ಶೀರ್ಷಿಕೆ. ಮೊದಲ ಬರಹಕ್ಕೆ "ಮಲ್ಲೇಶ್ವರದ ಅಶ್ವತ್ಥ ಕಟ್ಟೆಗಳು" ಅಂತ ಹೆಸರಿಟ್ಟು ಪಬ್ಲಿಷ್ ಒತ್ತಿದೆ. ಫೋನಿನಲ್ಲಿ ಮುಖಪುಟ ತೆಗೆದರೆ "ಮಲೇಶರದ ಅಶತ ಕಟೆಗಳು" ಅಂತ ಕಾಣುತ್ತಿದೆ! ಒಂದೇ ಒಂದು ಒತ್ತೂ ಉಳಿದಿಲ್ಲ. ಕೆಳಗಿನಿಂದ ಕತ್ತರಿ ಹಾಕಿದ ಹಾಗೆ ಎಲ್ಲ ಮಾಯ. ಅತ್ತಿ ಮರ ಅತಿ ಮರ ಆಯಿತು, ಬಿಳಿಮತ್ತಿ ಬಿಳಿಮತಿ ಆಯಿತು. ಒಳಗಿನ ಪುಟದಲ್ಲಿ ಕತ್ತರಿಸಿರಲಿಲ್ಲ, ಆದರೆ ಶೀರ್ಷಿಕೆ ಎರಡು ಸಾಲಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿನ ಮೇಲೆ ಹತ್ತಿ ಕೂರುತ್ತಿತ್ತು.

ಕಾರಣ ಸರಳ. ಥೀಮ್ ಮಾಡಿದವರು ಇಂಗ್ಲಿಷ್ ಅಕ್ಷರ ಇಟ್ಟುಕೊಂಡು ಅಳತೆ ಮಾಡಿದ್ದಾರೆ. ಇಂಗ್ಲಿಷಿನ ಜಿ, ವೈ ಥರದ ಅಕ್ಷರಕ್ಕೆ ಕೆಳಗೆ ಒಂದು ಚಿಕ್ಕ ಬಾಲ, ಅಷ್ಟೇ. ಕನ್ನಡದ ಒತ್ತು ಪೂರಾ ಸಾಲಿನ ಕೆಳಗೆ ಇಳಿಯುತ್ತದೆ. ಸ್ತ್ರೀ, ಶಾಸ್ತ್ರ ಅಂತ ಬಂದರೆ ಇನ್ನೂ ಜಾಸ್ತಿ ಜಾಗ ಬೇಕು. ಇವರು ಶೀರ್ಷಿಕೆಗೆ ಸಾಲಿನ ಎತ್ತರ ಅಕ್ಷರದ ಗಾತ್ರದ 1.1 ಪಟ್ಟು ಮಾತ್ರ ಇಟ್ಟು, ಪೆಟ್ಟಿಗೆಯಿಂದ ಹೊರಗೆ ಬಂದದ್ದು ಕಾಣಬಾರದು ಅಂತ ಆಜ್ಞೆ ಕೊಟ್ಟಿದ್ದಾರೆ. ಸಾಲದ್ದಕ್ಕೆ ಅಕ್ಷರಗಳ ನಡುವಿನ ಜಾಗವನ್ನೂ ಮೈನಸ್‌ಗೆ ಇಳಿಸಿದ್ದಾರೆ, ಸ್ಟೈಲು.

ಚಾಟ್‌ನಲ್ಲಿ ಕೇಳಿದರೆ ಮೊದಲನೆಯವರು ಬ್ರೌಸರ್ ಕ್ಯಾಶ್ ಕ್ಲಿಯರ್ ಮಾಡಿ ಅಂದರು. ಎರಡನೆಯವರು ನಮ್ಮ ಕಡೆ ಎಲ್ಲ ಸರಿಯಾಗೇ ಕಾಣುತ್ತಿದೆ ಅಂದರು. ಕನ್ನಡ ಬಾರದವರಿಗೆ ಸರಿಯಾಗೇ ಕಾಣುತ್ತದೆ ಬಿಡಿ. ಕೊನೆಗೊಂದು ದಿನ ನಮ್ಮ ಕಡೆಯ ಹುಡುಗಿಯೊಬ್ಬಳು ಸಿಕ್ಕಳು. ಸ್ಕ್ರೀನ್‌ಶಾಟ್ ಕಳಿಸಿದ ಕೂಡಲೇ "ಮೇಡಂ, ಒತ್ತು ಕಟ್ ಆಗ್ತಿದೆ ಅಲ್ವಾ?" ಅಂದಳು. ಅಬ್ಬ, ಜೀವ ಬಂದ ಹಾಗಾಯಿತು. ಪುಟದ ಅಂದ ಹೇಳುವ ಕೋಡು, ಸಿಎಸ್‌ಎಸ್, ಎರಡು ಸಾಲು ಹಾಕಿದರೆ ಸರಿಹೋಗುತ್ತದೆ ಮೇಡಂ, ಆದರೆ ಆ ಕೋಡು ಹಾಕುವ ಪೆಟ್ಟಿಗೆ ನಿಮ್ಮ ಪ್ಲಾನಿನಲ್ಲಿ ಬರಲ್ಲ, ಮೇಲಿನ ಪ್ಲಾನ್ ತಗೋಬೇಕು ಅಂತ ಅವಳೇ ಬೇಜಾರಿನಲ್ಲಿ ಹೇಳಿದಳು.

ನನಗೆ ಕೋಪ ಬಂದದ್ದು ಇಲ್ಲಿ. ಬಣ್ಣ ಬದಲಿಸಲು, ಲೋಗೊ ಹಾಕಲು ಹೆಚ್ಚಿಗೆ ದುಡ್ಡು ಕೇಳಲಿ, ಅದು ಶೋಕಿ. ಬರೆದ ಅಕ್ಷರ ಪೂರ್ತಿ ಕಾಣಲೂ ಮೇಲಿನ ಪ್ಲಾನ್ ಬೇಕಾ? ಹಾಗಂತ ಅಷ್ಟರಲ್ಲಾಗಲೇ ಬರಹಗಳನ್ನೆಲ್ಲ ಇಲ್ಲಿಗೆ ತಂದು ಸುರಿದಾಗಿತ್ತು. ಹೆಚ್ಚುಕಮ್ಮಿ ಎರಡರಷ್ಟು ಕೊಟ್ಟು ಮೇಲಿನ ಪ್ಲಾನಿಗೆ ಹೋದೆ. ಶೀರ್ಷಿಕೆಗೆ ಸಾಲಿನ ಎತ್ತರ 1.5, ಬರಹಕ್ಕೆ 1.8, ಅಕ್ಷರಗಳ ನಡುವಿನ ಜಾಗ ಸೊನ್ನೆ, ಶೀರ್ಷಿಕೆಯ ಅಡಿಯಲ್ಲಿ ಚೂರು ಖಾಲಿ ಜಾಗ (ಪ್ಯಾಡಿಂಗ್). ಫಾಂಟು ನೋಟೊ ಸೆರಿಫ್ ಕನ್ನಡ, ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಐದು ನಿಮಿಷದ ಕೆಲಸ. ನೀವು ಯಾವ ಸೇವೆ ಕೊಳ್ಳುವುದಾದರೂ ಟ್ರಯಲ್ ಇರುವಾಗಲೇ ಒತ್ತು ತುಂಬಿದ ಒಂದು ಉದ್ದ ಶೀರ್ಷಿಕೆ ಹಾಕಿ, ಫೋನಿನಲ್ಲಿ ತೆಗೆದು ನೋಡಿ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಂಡರೆ ನಂಬಬೇಡಿ, ಓದುವವರೆಲ್ಲ ಇರುವುದು ಫೋನಿನಲ್ಲೇ.

ಬರಹದ ಲಿಂಕಿನ ವಿಳಾಸದ್ದೂ ಇಂಥದ್ದೇ ಒಂದು ಗೋಳಿದೆ, ಆದರೆ ಅದು ಇವರೊಬ್ಬರ ತಪ್ಪಲ್ಲ. ಕನ್ನಡ ಶೀರ್ಷಿಕೆಯೇ ವಿಳಾಸವಾದರೆ, ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಹಾಕಿದಾಗ ಪ್ರತಿಯೊಂದು ಚಿಹ್ನೆಯೂ (ಕಾಗುಣಿತದ ಗುರುತು, ಸೊನ್ನೆ ಎಲ್ಲ ಬೇರೆ ಬೇರೆ ಲೆಕ್ಕ) ಶೇಕಡಾ ಗುರುತು ತುಂಬಿದ ಒಂಬತ್ತು ಅಕ್ಷರವಾಗಿ ಬಿಚ್ಚಿಕೊಳ್ಳುತ್ತದೆ. ಹೊಂಗೆ ಅನ್ನೋ ಪುಟ್ಟ ಹೆಸರೇ 45 ಅಕ್ಷರ ಆಗುತ್ತದೆ. ನೋಡಿದವರು ಯಾವುದೋ ವೈರಸ್ ಲಿಂಕು ಅಂತ ಮುಟ್ಟುವುದೇ ಇಲ್ಲ. ವರ್ಡ್‌ಪ್ರೆಸ್ ಬಳಸುವವರಿಗೆ ಅಲ್ಲಿ ಹೀಗೆ ಬಿಚ್ಚಿದ ವಿಳಾಸಕ್ಕೆ 200 ಅಕ್ಷರದ ಮಿತಿಯೂ ಇದೆ. ಅಂದರೆ ಕನ್ನಡದ ಸುಮಾರು 22 ಚಿಹ್ನೆಗೆ ವಿಳಾಸ ತುಂಡಾಗುತ್ತದೆ. ಸುಮ್ನೆ ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಹೊಂಗೆ ಅಂತ ಬರೆದುಬಿಡಿ, ತಲೆನೋವಿಲ್ಲ.

ಇಷ್ಟೆಲ್ಲ ಬೈದ ಮೇಲೂ ಇವರನ್ನು ಬಿಡದಿರುವುದಕ್ಕೆ ಕಾರಣ ಮೆಟ್ರೊ. ನಾನು ಬರೆಯುವುದೇ ಅಲ್ಲಿ. ವಿಜಯನಗರದಲ್ಲಿ ಹತ್ತಿದರೆ ಇಳಿಯುವುದು ವೈಟ್‌ಫೀಲ್ಡ್ ಕಡೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ತಿ ಕೂಡಿದ ಮೇಲೆ ಬಸ್ಸಿನ ಸಹವಾಸ ತಪ್ಪಿದೆ. ಬೆಳಗ್ಗೆ ಸೀಟು ಸಿಗುವ ಮಾತೇ ಇಲ್ಲ. ಬಾಗಿಲ ಪಕ್ಕದ ಮೂಲೆಗೆ ಒರಗಿಕೊಂಡು, ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಂಡು, ಒಂದೇ ಹೆಬ್ಬೆರಳಿನಲ್ಲಿ ಟೈಪ್ ಮಾಡಬೇಕು. ಸಿಟಿ ರೈಲ್ವೆ ಸ್ಟೇಷನ್ನಿನಿಂದ ಕಬ್ಬನ್ ಪಾರ್ಕ್ ತನಕ ರೈಲು ನೆಲದಡಿ ಓಡುತ್ತದೆ. ಅಲ್ಲಿ ನನ್ನ ಫೋನಿನ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುವಾಗ ಫೋನು ಎದೆಗೆ ಅವಚಿಕೊಂಡು ನಿಲ್ಲಬೇಕು. ಇವರ ಆ್ಯಪಿನ ಮೇಲ್ಗಡೆ ಒಂದು ಸಣ್ಣ ಚುಕ್ಕಿ ಇದೆ. ನೆಟ್‌ವರ್ಕ್ ಹೋದರೆ ಕಿತ್ತಳೆ, ಬರೆದದ್ದು ಸೇವ್ ಆದರೆ ಹಸಿರು. ನೆಟ್‌ವರ್ಕ್ ಇಲ್ಲದಾಗ ಫೋನಿನಲ್ಲೇ ಇಟ್ಟುಕೊಂಡು, ಎಂ.ಜಿ. ರೋಡ್ ಹತ್ತಿರ ರೈಲು ಮೇಲಕ್ಕೆ ಬಂದ ಕೂಡಲೇ ತಾನಾಗಿ ಕಳಿಸಿಬಿಡುತ್ತದೆ. ಕಿಟಕಿಯಲ್ಲಿ ಬಿಸಿಲು ಬೀಳುವ ಹೊತ್ತಿಗೆ ಚುಕ್ಕಿ ಹಸಿರಾಗುವುದನ್ನು ನೋಡದೆ ನನಗೆ ದಿನ ಶುರುವಾಗುವುದಿಲ್ಲ. ಈ ಎರಡು ವರ್ಷದಲ್ಲಿ ಒಂದು ಸಾಲೂ ಕಳೆದಿಲ್ಲ. ಇಂದಿರಾನಗರ ಬರುವಷ್ಟರಲ್ಲಿ ಒಂದು ಪ್ಯಾರಾ ಆಗಿರುತ್ತದೆ.

ಇಮೇಲ್ ಸೌಲಭ್ಯವೂ ಚೆನ್ನಾಗಿದೆ. 2013ರ ಜುಲೈನಲ್ಲಿ ಬ್ಲಾಗುಗಳ ಹೊಸ ಬರಹವನ್ನೆಲ್ಲ ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ ಮುಚ್ಚಿದ ಮೇಲೆ ಹೊಸ ಬರಹ ಬಂದದ್ದು ನಮ್ಮಂಥವರ ಓದುಗರಿಗೆ ಗೊತ್ತಾಗಬೇಕಾದರೆ ಫೇಸ್‌ಬುಕ್ ಕೃಪೆ ಬೇಕಾಗಿತ್ತು. ಈಗ ಎಲ್ಲರೂ ವಾಟ್ಸಾಪ್ ಚಾನೆಲ್ ಮಾಡು ಅನ್ನುತ್ತಾರೆ. ಮಾಡಬಹುದು. ಆದರೆ ಅಲ್ಲಿ ಫಾಲೋ ಮಾಡುವವರ ನಂಬರು ನಮಗೆ ಸಿಗುವುದಿಲ್ಲ, ಚಾನೆಲ್ ಹೋದರೆ ಓದುಗರೂ ಹೋದರು. ಇಮೇಲ್ ಪಟ್ಟಿಯನ್ನಾದರೆ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು. ಜಯನಗರದ ಆಂಟಿಯೊಬ್ಬರು ಪ್ರತಿ ಮೇಲ್‌ಗೂ ಉತ್ತರ ಬರೆಯುತ್ತಾರೆ, ಅರ್ಧ ನನ್ನ ತಪ್ಪು ತಿದ್ದುವುದಕ್ಕೇ.

ಸಣ್ಣಪುಟ್ಟವು: ಎಷ್ಟು ಉದ್ದ ಬರೆದರೂ "1 ನಿಮಿಷದ ಓದು" ಅಂತಲೇ ತೋರಿಸುತ್ತದೆ, ಕನ್ನಡ ಪದ ಎಣಿಸಲು ಅದಕ್ಕೆ ಬರುವುದಿಲ್ಲ. ಅದನ್ನು ಆಫ್ ಮಾಡಿದ್ದೇನೆ. ಹೋದ ವರ್ಷ ಒಂದು ಎಐ ಬಟನ್ ಬಂದಿದೆ, ಅದನ್ನು ಮಾತ್ರ ಆಫ್ ಮಾಡಲು ಆಗುವುದಿಲ್ಲ. ಹೊಂಗೆ ಬಗ್ಗೆ ಬರಿ ಅಂದರೆ "ಹೊಂಗೆ ಮರವು ಪ್ರಕೃತಿಯ ಅದ್ಭುತ ಕೊಡುಗೆಯಾಗಿದೆ" ಅಂತ ಐದನೇ ಕ್ಲಾಸಿನ ಪ್ರಬಂಧ ಶುರು ಮಾಡಿತು. ಯುಗಾದಿ ಹೊತ್ತಿಗೆ ಹೊಂಗೆ ಚಿಗುರು ಹೇಗೆ ಮಿಂಚುತ್ತದೆ ಅನ್ನೋದು ಅದಕ್ಕೇನು ಗೊತ್ತು. ಇನ್ನೊಂದು ನಿಜಕ್ಕೂ ಹುಷಾರಾಗಿರಬೇಕಾದದ್ದು: ಫೋನಿನ ಫೋಟೊದೊಳಗೆ ತೆಗೆದ ಜಾಗದ ಲೊಕೇಶನ್ ಇರುತ್ತದೆ, ಈ ಸೇವೆ ಅದನ್ನು ಅಳಿಸುವುದಿಲ್ಲ. ಮನೆ ಮುಂದಿನ ನುಗ್ಗೆ ಮರದ ಫೋಟೊ ಹಾಕಿದರೆ ಮನೆ ವಿಳಾಸ ಕೊಟ್ಟ ಹಾಗೇ. ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ಲೊಕೇಶನ್ ಆಫ್ ಮಾಡಿಬಿಡಿ.

ಈಗ ದುಡ್ಡಿನ ವಿಷಯ. ಜಾಹೀರಾತಿನ ರೇಟು ಮೊದಲ ವರ್ಷಕ್ಕೆ ಮಾತ್ರ. ರಿನ್ಯೂವಲ್ ರೇಟು ನೋಡಿದರೆ ಎದೆ ಧಸಕ್ ಅನ್ನುತ್ತದೆ. ಕಾರ್ಡಿಗೆ ಆಟೊಪೇ ಒಪ್ಪಿಗೆ ಕೊಟ್ಟಿದ್ದರೆ, ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 15,000 ರೂಪಾಯಿ ತನಕ ಓಟಿಪಿ ಕೇಳದೆ ಕಟ್ ಆಗುತ್ತದೆ. 24 ಗಂಟೆ ಮೊದಲು ಬ್ಯಾಂಕಿನಿಂದ ಮೆಸೇಜ್ ಬರುತ್ತದೆ ನಿಜ, ಆ ಮೆಸೇಜುಗಳ ಸಂತೆಯಲ್ಲಿ ಯಾರು ನೋಡುತ್ತಾರೆ? ನಾನು ಆಟೊಪೇ ತೆಗೆದುಹಾಕಿದ್ದೇನೆ. ಡೊಮೇನ್ ಹೆಸರನ್ನೂ ಇವರ ಹತ್ತಿರ ಇಡದೆ ಬೇರೆ ಕಡೆ ನನ್ನ ಹೆಸರಿನಲ್ಲೇ ಕೊಂಡಿದ್ದೇನೆ. ಇವರನ್ನು ಬಿಟ್ಟರೂ ವಿಳಾಸ ನನ್ನದೇ. ಅದನ್ನು ಮಾತ್ರ ರಿನ್ಯೂ ಮಾಡಲು ಮರೆಯಬಾರದು. ಬಿಟ್ಟುಹೋದ ಹೆಸರನ್ನು ಯಾರೋ ಕೊಂಡು ರಮ್ಮಿ ಜಾಹೀರಾತು ಹಾಕಿದ್ದನ್ನು ನೋಡಿದ್ದೇನೆ.

ಈ ಸಲ ರಿನ್ಯೂವಲ್ ಮೇಲ್ ಬಂದಾಗ ಬಿಟ್ಟೇಬಿಡೋಣ ಅಂತ ಕ್ಯಾನ್ಸಲ್ ಬಟನ್ ಒತ್ತಿದೆ. ಯಾಕೆ ಹೋಗುತ್ತಿದ್ದೀರಿ ಅಂತ ಕೇಳಿ, ಮುಂದಿನ ಪುಟದಲ್ಲೇ ರೇಟು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಿದರು. ಅಷ್ಟಕ್ಕಾದರೆ ಇನ್ನೊಂದು ವರ್ಷ ಇರಲಿ ಅಂತ ಕಟ್ಟಿದ್ದೇನೆ. ನೀವೂ ಪೂರ್ತಿ ರೇಟು ಕಟ್ಟುವ ಮೊದಲು ಕ್ಯಾನ್ಸಲ್ ಒತ್ತಿ ನೋಡಿ. ಒತ್ತುವ ಮೊದಲು ಬರಹ, ಫೋಟೊ, ಇಮೇಲ್ ಪಟ್ಟಿ ಎಲ್ಲ ಡೌನ್‌ಲೋಡ್ ಮಾಡಿಕೊಂಡಿರಿ.