ಕಂಪನಿ ಟ್ರಕ್ಕಾ, ಸ್ವಂತ ಟ್ರಕ್ಕಾ?

ಅಮೆರಿಕದಲ್ಲಿ ದೂರದ ಲೋಡ್ ಓಡಿಸಲು ಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ ಇದು.

ಕಂಪನಿ ಟ್ರಕ್ ಆದರೆ ಡೀಸೆಲ್, ಟೈರ್, ಇನ್ಶೂರೆನ್ಸ್ ತಲೆನೋವಿಲ್ಲ. ಆದರೆ ಹೆಚ್ಚಿನ ಕಡೆ ಸಂಬಳ ಮೈಲಿ ಲೆಕ್ಕದಲ್ಲಿ. ಚಕ್ರ ಉರುಳಿದರೆ ದುಡ್ಡು. ಯಾವ ಲೋಡ್, ಯಾವಾಗ ಅನ್ನೋದು ಡಿಸ್ಪ್ಯಾಚರ್ ಕೈಯಲ್ಲಿ. ಬೆಳಿಗ್ಗೆ 6ಕ್ಕೇ ಗೋದಾಮಿನ ಬಾಗಿಲಿಗೆ ಟ್ರೇಲರ್ ಹಚ್ಚಿ ನಿಂತಿರುತ್ತೀರಿ. 10 ಆದರೂ ಫೋರ್ಕ್‌ಲಿಫ್ಟ್ ಸದ್ದಿಲ್ಲ. ಅಷ್ಟರಲ್ಲಿ ಡಿಸ್ಪ್ಯಾಚರ್ ಫೋನ್: "ರಾತ್ರಿಯೊಳಗೆ ತಲುಪ್ತೀರಿ ಅಲ್ವಾ?" ಹೇಗೆ ತಲುಪೋದು? ಡ್ಯೂಟಿ ಶುರುವಾದ 14 ಗಂಟೆಯೊಳಗೆ ಹೆಚ್ಚೆಂದರೆ 11 ಗಂಟೆ ಓಡಿಸಬಹುದು, ಅದು ಕಾನೂನು. ಸುಮ್ನೆ ಕಾಯುವಾಗಲೂ ಆ 14 ಗಂಟೆ ಕರಗುತ್ತಲೇ ಇರುತ್ತದೆ. ಓಡಿಸಿದ ಹೊತ್ತನ್ನು ತಾನೇ ದಾಖಲಿಸುವ, ಎಂಜಿನ್‌ಗೇ ಜೋಡಿಸಿದ ಎಲೆಕ್ಟ್ರಾನಿಕ್ ಲಾಗ್ ಇರುವಾಗ ಹಳೇ ಕಾಲದ ಹಾಗೆ ಲೆಕ್ಕದ ಪುಸ್ತಕ ತಿದ್ದೋಕೂ ಆಗಲ್ಲ.

ಸ್ವಂತ ಟ್ರಕ್ ಇದ್ದರೆ ಬೇಡದ ಲೋಡಿಗೆ ಬೇಡ ಅನ್ನಬಹುದು. ಒಮ್ಮೆ ಕೈ ಸುಟ್ಟ ಗೋದಾಮಿನ ಕಡೆ ಮತ್ತೆ ತಲೆ ಹಾಕಬೇಕಿಲ್ಲ. ಆದರೆ ಲೋಡ್ ಕೊಡಿಸುವ ಬ್ರೋಕರ್‌ನಿಂದ ದುಡ್ಡು ಕೈಸೇರಲು ತಿಂಗಳು ಹಿಡಿಯೋದೂ ಉಂಟು. ಟ್ರಕ್ ಸಾಲದ ಕಂತು ಮಾತ್ರ ಕಾಯಲ್ಲ.

ಕಂಪನಿಯಿಂದಲೇ ಲೀಸ್‌ಗೆ ಟ್ರಕ್ ತಗೊಂಡು ಮಾಲೀಕರಾಗುವ ಸ್ಕೀಮ್ ನನ್ನ ಮಟ್ಟಿಗೆ ಬೇಡವೇ ಬೇಡ. ಇವನ್ನು ನಿಷೇಧಿಸಿ ಎಂದು ಸರ್ಕಾರಿ ಸಮಿತಿಯೇ 2025ರಲ್ಲಿ ಹೇಳಿದೆ.

ಹೊಸಬರಾದರೆ ಕಂಪನಿಯಲ್ಲೇ ಒಂದೆರಡು ವರ್ಷ ಓಡಿಸಿ. ಸೇರುವ ಮುಂಚೆ ಒಂದು ಮಾತು ಕೇಳಿ: ಗೋದಾಮಿನಲ್ಲಿ ಕಾದದ್ದಕ್ಕೆ ಎಷ್ಟು ಗಂಟೆ ಮೇಲೆ ದುಡ್ಡು, ಅದರಲ್ಲಿ ಡ್ರೈವರ್‌ಗೆಷ್ಟು?